ಅತ್ತೆಯ ಗೋಡೆಗೆ ನಾನು ಬಳಿದ ಹಸಿರು

ಶಾಜ್ಲಿ ನನ್ನ ಕೈಯಿಂದ ಹಸಿರು ಕ್ರೆಯಾನ್ ಕಿತ್ತುಕೊಂಡು ನಲವತ್ತನಾಲ್ಕು ವರ್ಷವಾಯಿತು. ‘ಹೋಗಲಿ ಬಿಡು ದಿಯಾಬ್, ಮಕ್ಕಳಾಟ’ ಎನ್ನುತ್ತಾರೆ ಜನ. ಯಾಕೆ ಬಿಡಬೇಕು? ಕಿತ್ತುಕೊಂಡದ್ದು ಅವರ ಕೈಯಿಂದಲೇ?

ಆಗ ನಾವು ಮೂರನೇ ತರಗತಿ. ಆರು ಬಣ್ಣದ ಕಡ್ಡಿಗಳ ಒಂದು ಡಬ್ಬಿ, ಅದೂ ಇಡೀ ಬೆಂಚಿಗೆ ಒಂದೇ. ಯಾವ ಕಾಲದ ಡಬ್ಬಿಯೋ, ಕಡ್ಡಿಗಳ ಮೇಲಿನ ಕಾಗದವೆಲ್ಲ ಉದುರಿ ಬೆತ್ತಲೆಯಾಗಿದ್ದವು. ನೈಲ್ ದಂಡೆಯ ಖರ್ಜೂರದ ಮರ ಬರೆಯಿರಿ ಎಂದು ಮೇಷ್ಟ್ರು ಉಸ್ತಾದ್ ರಗಬ್ ಅಪ್ಪಣೆ ಕೊಡಿಸಿದ್ದರು. ನನ್ನ ಮರ ಎಂಥ ಮರ! ಗಾಳಿಗೆ ತೂಗುವ ಹಾಗಿತ್ತು. ನನ್ನ ಪ್ರಾಣಕ್ಕೆ ಪ್ರಾಣವಾದ ಹಸಿರು ಕಡ್ಡಿ ಹಿಡಿದು ಗರಿಗಳಿಗೆ ಬಣ್ಣ ತೀಡತೊಡಗಿದ್ದೆ. ಪಕ್ಕದಲ್ಲಿ ಕೂತಿದ್ದ ಶಾಜ್ಲಿ ಅದನ್ನು ಕಿತ್ತುಕೊಂಡು, ಯಾವುದೋ ಬೇರೆ ಕಡ್ಡಿಯನ್ನು ನನ್ನ ಮುಷ್ಟಿಗೆ ತುರುಕಿಬಿಟ್ಟ. ನಾನು ಅದನ್ನು ಕಿಟಕಿಯಾಚೆ ಎಸೆದೆ. ಅವನ ಕೈ ಕಚ್ಚಿದೆ. ಉಸ್ತಾದರು ನನಗೆ ಹನ್ನೆರಡು ಏಟು ಕೊಟ್ಟರು. ಕದ್ದವನಿಗೆ? ಸೊನ್ನೆ! ಮರುವರ್ಷವೇ ನಾನು ಶಾಲೆಗೆ ಸಲಾಮು ಹೊಡೆದು ಅಪ್ಪನ ಹಿಟ್ಟಿನ ಗಿರಣಿ ಸೇರಿದೆ. ಆ ಕಡ್ಡಿಯೊಂದು ನನ್ನ ಕೈಯಲ್ಲೇ ಉಳಿದಿದ್ದರೆ ಈ ಹೊತ್ತಿಗೆ ನಾನು ಏನಾಗಿರುತ್ತಿದ್ದೆನೋ!

ಶಾಜ್ಲಿ ಏನಾದ ಎಂದು ಕೇಳಿ. ಚಿತ್ರಗಾರನಾದ! ಇಸ್ನಾ ಸುತ್ತಲಿನ ಹಳ್ಳಿಗಳಲ್ಲಿ ಯಾರು ಹಜ್‌ಗೆ ಹೋದರೂ, ಅವರು ಮರಳುವಷ್ಟರಲ್ಲಿ ಮನೆಯ ಮುಂಗೋಡೆಯ ಮೇಲೆ ಕಾಬಾ, ವಿಮಾನ, ಒಂಟೆ, ಮದೀನಾದ ಗುಮ್ಮಟ, ಎಲ್ಲ ಬರೆದು ಮುಗಿಸುವವನು ಅವನೇ. ನನ್ನ ಕಡ್ಡಿಯಿಂದ ಶುರುವಾದ ಬಾಳು!

ಹೀಗಿರುವಾಗ ನನ್ನ ಅತ್ತೆ ತಫೀದಾ ಅವರಿಗೆ ಹಜ್‌ನ ಲಾಟರಿ ಚೀಟಿ ಬಂತು. ಹನ್ನೊಂದು ವರ್ಷ ಹೆಸರು ಕೊಟ್ಟು, ಹನ್ನೊಂದು ವರ್ಷವೂ ಬೇರೆಯವರ ಹೆಸರೇ ಬಂದು, ಹನ್ನೆರಡನೆಯ ವರ್ಷ ಬಂದ ಚೀಟಿ. ಬಸ್ಸು ಹತ್ತುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

“ದಿಯಾಬ್, ಮಗಾ, ನನಗೆ ಬೇರೇನೂ ಬೇಡ. ವಿಮಾನ ಇರ್ಲಿ, ಬಿಡ್ಲಿ. ಗುಮ್ಮಟ ಮಾತ್ರ ಹಸಿರಾಗಿರ್ಬೇಕು. ಅಲ್ಲಿ ಕಣ್ತುಂಬ ನೋಡ್ಕೊಂಡು ಬಂದದ್ದನ್ನ ಇಲ್ಲಿ ಸಾಯೋವರ್ಗೂ ದಿನಾ ಬೆಳಗ್ಗೆ ಜಗಲಿ ಮೇಲೆ ಕೂತು ನೋಡ್ಬೇಕು ನಾನು.”

“ಅತ್ತೆ, ಹಸಿರಿನ ವಿಷಯ ನನಗೆ ಬಿಡಿ!” ಎಂದೆ, ಎದೆ ತಟ್ಟಿಕೊಂಡು.

ಬಸ್ಸಿನ ಧೂಳು ಇನ್ನೂ ಅಡಗಿರಲಿಲ್ಲ. ಹೆಂಡತಿ ಬದ್ರಿಯಾ ಶುರು ಮಾಡಿದಳು.

“ರೀ, ಇವತ್ತೇ ಶಾಜ್ಲಿ ಅಣ್ಣನಿಗೆ ಹೇಳ್ಬಿಡಿ. ಆಮೇಲೆ ಅವ್ರಿಗೆ ಪುರುಸೊತ್ತಿರಲ್ಲ.”

“ಯಾರಿಗೆ?”

“ಶಾಜ್ಲಿ ಅಣ್ಣನಿಗೆ.”

“ಆ ಕಳ್ಳ ನನ್ನ ಗೋಡೆ ಮುಟ್ಟೋದಾ? ನಾನು ಬರೀತೀನಿ!”

“ನೀವಾ?”

“ನಾನೇ! ಮೂರನೇ ಕ್ಲಾಸಲ್ಲಿ ನನ್ನ ಮರ ನೋಡಿದ್ರೆ ನೀನು...”

“ನೋಡಿಲ್ಲ ಕಣ್ರೀ. ಆ ಮರದ ಕತೆ ಮಾತ್ರ ಇಪ್ಪತ್ತಾರು ವರ್ಷದಿಂದ ಕೇಳ್ತಿದೀನಿ. ಗೋಡೆ ನಮ್ಮಮ್ಮಂದು. ನಿಮ್ಮ ಸಿಟ್ಟು ತೀರಿಸ್ಕೊಳ್ಳೋಕೆ ಬೇರೆ ಗೋಡೆ ಹುಡುಕ್ಕೊಳ್ಳಿ.”

ಈ ಮಾತಿಗೆ ಮೈ ಉರಿಯದೆ ಇರುತ್ತದೆಯೇ? ಅದೇ ಸಂಜೆ ಇಸ್ನಾ ಪೇಟೆಗೆ ಹೋಗಿ ಕಪ್ಪು, ಬಿಳಿ, ನೀಲಿ, ಕಂದು, ಹಸಿರು, ಐದು ಬಣ್ಣದ ಪುಡಿ ಕಟ್ಟಿಸಿ ತಂದೆ. ಸುಣ್ಣದ ನೀರಿಗೆ ಅಂಟು ಬೆರೆಸಿ, ತುಪ್ಪದ ಹಳೆಯ ಐದು ಡಬ್ಬಗಳಲ್ಲಿ ಕಲಸಿದೆ. ಮೇಲೆ ಹೆಸರು ಬರೆದಿಡಿ ಎಂದಳು ಬದ್ರಿಯಾ. ಕಣ್ಣಿದ್ದವನಿಗೆ ಹೆಸರು ಯಾಕೆ ಎಂದೆ!

ಮುಗಿಯುವವರೆಗೆ ನೊಣವೂ ಇಣುಕಬಾರದೆಂದು ಗಿರಣಿಯ ಗೋಣಿಚೀಲಗಳನ್ನು ಹೊಲಿದು ಗೋಡೆಯ ಉದ್ದಕ್ಕೂ ಪರದೆ ಕಟ್ಟಿದೆ. ಅದರ ಹಿಂದೆ ಐದು ದಿನ ತಪಸ್ಸು. ಗಿರಣಿಗೆ ಬೀಗ. ಹಿಟ್ಟಿಲ್ಲದೆ ಊರು ಗೊಣಗಿತು. ಗೊಣಗಲಿ! ಏಣಿ ಹತ್ತಿದೆ, ಇಳಿದೆ, ಎರಡು ಸಲ ಬಿದ್ದೆ. ಒಮ್ಮೆ ಬಿಳಿಯ ಡಬ್ಬ ನನ್ನ ತಲೆಯ ಮೇಲೆಯೇ ಮಗುಚಿತು, ಮೀಸೆಗೆ ಒಂದೇ ದಿನದಲ್ಲಿ ಎಂಬತ್ತು ವರ್ಷವಾಯಿತು. ನನ್ನ ವಿಮಾನ ಸ್ವಲ್ಪ ಮೀನಿನ ಹಾಗೆ ಬಂತು, ಒಪ್ಪುತ್ತೇನೆ. ಆದರೆ ಒಂಟೆ! ಕತ್ತೆತ್ತಿ ನಿಂತ ಆ ಒಂಟೆಯ ಗತ್ತು! ಇನ್ನು ಗುಮ್ಮಟವಂತೂ, ಮೂರು ಕೈ ಬಣ್ಣ ಕೊಟ್ಟು ದಾಳಿಂಬೆಯ ಹಾಗೆ ದುಂಡಗೆ ತೀಡಿದ್ದೆ. ಕೆಳಗಿಳಿದು ನೋಡಿದಾಗ ನನ್ನ ಕಣ್ಣಲ್ಲೇ ನೀರು ಬಂತು. ಶಾಜ್ಲಿ ಇದನ್ನು ನೋಡಿದರೆ ಕುಂಚ ನೈಲ್‌ಗೆ ಎಸೆದು ಈರುಳ್ಳಿ ಮಾರಲು ಕೂರುತ್ತಾನೆ ಎಂದುಕೊಂಡೆ.

ಅತ್ತೆ ಬರುವ ದಿನ ಬಂತು. ಲುಕ್ಸರ್‌ನಿಂದ ಬರುವ ಬಸ್ಸು ಮಧ್ಯಾಹ್ನದ ನಮಾಜಿನ ನಂತರ. ಬೆಳಗ್ಗೆ ಊರವರೆಲ್ಲ ಫೂಲ್ ಕಾಳಿನ ಅಂಗಡಿಯ ಮುಂದೆ ಬಟ್ಟಲು ಹಿಡಿದು ನಿಂತಿದ್ದ ಹೊತ್ತು ನೋಡಿ ಎಲ್ಲರನ್ನೂ ಕರೆದೆ. ಫೂಲ್ ಬೇಯಿಸುವ ಬಖೀತ್ ಕೂಡ ಸೌಟು ಹಿಡಿದುಕೊಂಡೇ ಬಂದ.

“ನೋಡಿ! ಕಣ್ಣು ತಂಪು ಮಾಡ್ಕೊಳ್ಳಿ!” ಎಂದು ಹಗ್ಗ ಎಳೆದೆ. ಪರದೆ ಬಿತ್ತು.

ಎಲ್ಲರೂ ಕತ್ತು ಚಾಚಿ ನೋಡಿದರು. ಬೆರಗಾಗಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಬಖೀತ್ ಮುಂದೆ ಬಂದು ಗುಮ್ಮಟವನ್ನೇ ದಿಟ್ಟಿಸಿದ.

“ದಿಯಾಬ್ ಅಣ್ಣಾ, ನಿನ್ನ ಅಭಿಮಾನ ದೊಡ್ಡದು. ಆದ್ರೆ ನನ್ನ ಹಂಡೆ ಇಷ್ಟು ದೊಡ್ಡದಿಲ್ಲ.”

“ಯಾವ ಹಂಡೆಯೋ?”

“ಇದೇ, ಫೂಲ್ ಬೇಯಿಸೋದು. ಹೊಟ್ಟೆ, ಕತ್ತು, ಬಣ್ಣ, ಎಲ್ಲಾ ಅದೇ! ತಫೀದಮ್ಮ ಹಜ್‌ಗೆ ಹೋಗಿದ್ದಾ, ನನ್ನ ಅಂಗಡಿಗಾ?”

ಜನ ಬಿದ್ದು ಬಿದ್ದು ನಕ್ಕರು. ಒಂಟೆಗೆ ಏನು ತಿನ್ನಿಸಿದ್ದೀಯ ಎಂದು ಒಬ್ಬ ಕೇಳಿದ. ಮುಲೂಖಿಯಾ ಸೊಪ್ಪು ತಿಂದು ತಿಂದು ಅದರ ಬಣ್ಣ ಮೈಗೆ ಇಳಿದಿದೆ ಎಂದು ಇನ್ನೊಬ್ಬ ಉತ್ತರ ಕೊಟ್ಟ. ನಾನು ಬದ್ರಿಯಾಳ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

“ಏನ್ರೀ ಇದು? ಅಮ್ಮ ಕೇಳಿದ್ದು ಒಂದೇ ಒಂದು, ಹಸಿರು ಗುಮ್ಮಟ. ಅದನ್ನ ಕಂದು ಮಾಡಿ, ಹಸಿರನ್ನೆಲ್ಲ ಒಂಟೆಗೆ ಸುರಿದಿದೀರಲ್ಲ! ಇನ್ನು ನಾಲ್ಕು ಗಂಟೇಲಿ ಬರ್ತಾಳೆ ಅವ್ಳು!”

ಆ ಕ್ಷಣಕ್ಕೆ ನನಗೆ ಎಲ್ಲವೂ ನಿಚ್ಚಳವಾಯಿತು. ಶಾಜ್ಲಿ! ಅವನಲ್ಲದೆ ಇನ್ಯಾರು? ಪರದೆಯ ಹಿಂದೆ ನುಸುಳಿ ನನ್ನ ಬಣ್ಣ ಬದಲಾಯಿಸಿದ್ದಾನೆ! ಅಂದು ಕಡ್ಡಿ, ಇಂದು ಗುಮ್ಮಟ! ಒಂದೇ ಓಟಕ್ಕೆ ಅವನ ಮನೆ ತಲುಪಿದೆ. ಚಹಾ ಕುಡಿಯುತ್ತಾ ಕೂತಿದ್ದವನ ಜಲ್ಲಾಬಿಯಾ ನಿಲುವಂಗಿಯ ಕೊರಳಪಟ್ಟಿ ಹಿಡಿದು ಬೀದಿಯುದ್ದಕ್ಕೂ ಎಳೆದುಕೊಂಡು ಬಂದೆ. ಪುಣ್ಯಾತ್ಮ ಚಹಾದ ಲೋಟ ಬಿಡದೆ, ಒಂದು ಹನಿಯೂ ಚೆಲ್ಲದೆ ಬಂದ. ಅದಕ್ಕೂ ನನಗೆ ಸಿಟ್ಟು!

“ಒಪ್ಕೋ! ಊರ ಮುಂದೆ ಒಪ್ಕೋ! ಗುಮ್ಮಟದ ಬಣ್ಣ ಬದಲಾಯಿಸಿದೋನು ನೀನೇ!”

ಶಾಜ್ಲಿ ಗೋಡೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಚಹಾ ಒಂದು ಗುಟುಕು ಕುಡಿದ.

“ದಿಯಾಬ್, ಈ ಗುಮ್ಮಟ ಈಗ ನಿನಗೆ ಯಾವ ಬಣ್ಣ ಕಾಣುತ್ತೆ?”

“ಹಸಿರು!”

“ನಿನ್ನೆ?”

“ನಿನ್ನೇನೂ ಹಸಿರೇ!”

“ಹಾಗಾದ್ರೆ ನಾನು ಬದಲಾಯಿಸಿದ್ದು ಏನನ್ನೋ?”

ನಾನು ಗುಮ್ಮಟವನ್ನು ಇನ್ನೊಮ್ಮೆ ನೋಡಿದೆ. ಹಸಿರೇ! ಶಾಜ್ಲಿ ನನ್ನ ತುಪ್ಪದ ಡಬ್ಬಗಳಲ್ಲಿ ಎರಡನ್ನು ಎತ್ತಿ ಮುಂದೆ ಹಿಡಿದ.

“ಹಸಿರು ಯಾವುದು, ತೋರಿಸು.”

ಎರಡನ್ನೂ ನೋಡಿದೆ. ನಿಜ ಹೇಳುತ್ತೇನೆ, ಒಂದು ಸ್ವಲ್ಪ ಗಾಢ, ಇನ್ನೊಂದು ಸ್ವಲ್ಪ ತೆಳು, ಅಷ್ಟೇ. ಆದರೂ ಗಂಡಸಲ್ಲವೇ, ಗಟ್ಟಿಯಾಗಿ ಬೆರಳು ತೋರಿಸಿದೆ. ನಗುತ್ತಿದ್ದವರೆಲ್ಲ ತಟ್ಟನೆ ನಗು ನಿಲ್ಲಿಸಿದರು. ಅವರು ನಗುತ್ತಿದ್ದಾಗಲೇ ಚೆನ್ನಾಗಿತ್ತು!

“ಅಯ್ಯೋ ದೇವರೇ,” ಎಂದಳು ಬದ್ರಿಯಾ. “ನಮ್ಮ ಮದ್ವೆಗೆ ತಂದ್ರಲ್ಲ, ಆ ಶಾಲು...”

“ಹಸಿರು ಶಾಲು. ಅದಕ್ಕೇನಾಯ್ತು?”

“ಅದು ಕಂದು ಕಣ್ರೀ! ಹಸಿರು ನಿನಗೆ ಒಪ್ಪುತ್ತೆ, ಹಸಿರು ನಿನಗೆ ಒಪ್ಪುತ್ತೆ ಅಂತ ಇಪ್ಪತ್ತಾರು ವರ್ಷದಿಂದ ಹೇಳ್ತಿದೀರಿ. ಪಾಪ, ನಾಲ್ಕನೇ ಕ್ಲಾಸಿಗೇ ಬಿಟ್ಟೋರು, ಬಣ್ಣದ ಪಾಠ ಐದನೇದ್ರಲ್ಲಿ ಇದ್ದಿರ್ಬೇಕು ಅಂದ್ಕೊಂಡು ನಾನು ಸುಮ್ನಿದ್ದೆ.”

ಇದನ್ನು ಬೀದಿಯಲ್ಲಿ, ಊರ ಮುಂದೆ, ಬಖೀತನ ಸೌಟಿನ ಎದುರು ಹೇಳಿದಳು!

ಶಾಜ್ಲಿ ನಿಲುವಂಗಿಯ ತೋಳು ಮಡಚಿ ಏಣಿ ಹತ್ತಿಯಾಗಿತ್ತು. ನಾನು ಕೆಳಗೆ ಏಣಿ ಹಿಡಿದು ನಿಂತೆ. ಬೇರೆ ಯಾವ ಕೆಲಸಕ್ಕೂ ನನ್ನನ್ನು ಯಾರೂ ನಂಬುತ್ತಿರಲಿಲ್ಲ.

“ನಿನಗೆ ಹೇಗೆ ಗೊತ್ತಾಯ್ತೋ?” ಎಂದೆ ಕೊನೆಗೆ, ಮೆಲ್ಲಗೆ.

“ಮೂರನೇ ಕ್ಲಾಸಿಂದ ಗೊತ್ತು. ನೀನು ಕಂದು ಕಡ್ಡಿ ತಗೊಂಡು ಗರಿಗೆ ತೀಡ್ತಿದ್ದೆ. ಅದಕ್ಕೂ ಹಿಂದಿನ ವಾರ ಮೇಕೆಗೆ ಹಸಿರು ಬಳಿದು ಒದೆ ತಿಂದಿದ್ದೆ, ನೆನಪಿದ್ಯಾ? ಉಸ್ತಾದ್ರು ಬೆತ್ತ ಹಿಡ್ಕೊಂಡು ನಮ್ಮ ಬೆಂಚಿನ ಕಡೆಗೇ ಬರ್ತಿದ್ರು. ನಾನು ಕಂದು ಕಿತ್ಕೊಂಡು ಹಸಿರು ಕೊಟ್ಟೆ. ನೀನು ಹಸಿರನ್ನ ಕಿಟಕಿಯಾಚೆ ಎಸೆದು ನನ್ನ ಕೈ ಕಚ್ಚಿದೆ.” ಕುಂಚ ಹಿಡಿದ ಕೈಯನ್ನು ಕೆಳಕ್ಕೆ ಚಾಚಿದ. ಮಣಿಕಟ್ಟಿನ ಮೇಲೆ ಸಣ್ಣ ಸಣ್ಣ ನಾಲ್ಕು ಗುರುತು. ನನ್ನವೇ ಹಲ್ಲು!

“ಆಗಲೇ ಹೇಳೋದಕ್ಕೇನಾಗಿತ್ತು ನಿನಗೆ?”

“ಹೇಳೋಕೆ ಬಂದೆ, ನೀನು ಗಿರಣಿ ಬಾಗಿಲಲ್ಲೇ ಕಲ್ಲು ಹೊಡೆದೆ. ನಿನ್ನ ಮದ್ವೇಲಿ ಹೇಳೋಣ ಅಂತ ಬಂದೆ, ನೀನು ಚಪ್ಪರದಿಂದ ಓಡಿಸಿದೆ. ನಿನ್ನ ಮುಂದೆ ಮಾತು ಮುಗಿಸಿದೋರು ಈ ಊರಲ್ಲಿ ಯಾರಿದಾರೆ ಹೇಳು? ಯಾರಾದ್ರೂ ಬಾಯಿ ತೆಗೆದ ತಕ್ಷಣ ನೀನು...”

“ಸುಳ್ಳು! ನಾನು ಯಾವತ್ತೂ ಯಾರ ಮಾತಿಗೂ ಅಡ್ಡ ಬಂದಿಲ್ಲ!”

“ನೋಡು,” ಎಂದ ಶಾಜ್ಲಿ, ಗುಮ್ಮಟದ ಕಡೆ ತಿರುಗಿಕೊಂಡು.

ಬಿಸಿಲು ಬಣ್ಣವನ್ನು ಹಚ್ಚಿದ ಹಾಗೇ ಒಣಗಿಸುತ್ತಿತ್ತು. ಹಂಡೆ ಗುಮ್ಮಟವಾಯಿತು. ಮೀನಿಗೆ ರೆಕ್ಕೆ ಬಂದು ವಿಮಾನವಾಯಿತು. ಒಂಟೆಗೆ ಕೈ ಹಾಕಬೇಕು ಎನ್ನುವಷ್ಟರಲ್ಲಿ ತಮಟೆ ಕೇಳಿಸಿತು, ಹೆಂಗಸರ ಉಲಿ ಎದ್ದಿತು. ಬಸ್ಸು ಬಂದೇ ಬಿಟ್ಟಿತು. ಶಾಜ್ಲಿ ಗಡಿಬಿಡಿಯಲ್ಲಿ ಗೋಡೆಯ ಮೂಲೆಯಲ್ಲಿ ಏನೋ ಗೀಚಿ, ಏಣಿ ಹೊತ್ತುಕೊಂಡು ಹಿಂದಿನ ಓಣಿಯಿಂದ ಹೊರಟುಹೋದ. ಊಟಕ್ಕೆ ನಿಲ್ಲು ಎಂದರೂ ನಿಲ್ಲಲಿಲ್ಲ.

ಹಜ್ ಮುಗಿಸಿ ‘ಹಾಜಾ’ ಎನಿಸಿಕೊಂಡ ಅತ್ತೆ ತಫೀದಾ ಬಿಳಿ ಬಟ್ಟೆಯಲ್ಲಿ ಇಳಿದರು. ಅಪ್ಪಿಕೊಳ್ಳಲು ಬಂದವರನ್ನೆಲ್ಲ ಪಕ್ಕಕ್ಕೆ ಸರಿಸಿ ನೇರ ಗೋಡೆಯ ಮುಂದೆ ಹೋಗಿ ನಿಂತರು. ಬಹಳ ಹೊತ್ತು ನಿಂತರು.

“ಇದೇ,” ಎಂದರು ಅತ್ತೆ. “ಇದೇ ಹಸಿರು.” ಕಣ್ಣೊರೆಸಿಕೊಂಡರು. ಬದ್ರಿಯಾ ಉಸಿರು ಬಿಟ್ಟಳು. ನಾನೂ ಬಿಟ್ಟೆ. ಆಮೇಲೆ ಅತ್ತೆಯ ಕಣ್ಣು ಪಕ್ಕಕ್ಕೆ ಸರಿಯಿತು.

“ಈ ಒಂಟೆಗೇನಾಗಿದೆ?”

ಅತ್ತೆ ಇನ್ನಷ್ಟು ಹತ್ತಿರ ಹೋದರು. ಮೊದಲು ಅವರ ಹೆಗಲು ಕುಲುಕಿತು. ಆಮೇಲೆ ಹೊಟ್ಟೆ. ಅತ್ತೆ ನಕ್ಕರು. ಗೋಡೆ ಹಿಡಿದುಕೊಂಡು, ಜಗಲಿಯ ಮೇಲೆ ಕುಸಿದು ಕೂತು, ಕೆಮ್ಮು ಬರುವವರೆಗೂ ನಕ್ಕರು. ಮಾವ ತೀರಿಕೊಂಡ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಇದನ್ನ ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ,” ಎಂದರು. “ಬೆಳಗ್ಗೆ ಅಳೋಕೆ ಗುಮ್ಮಟ ಇರ್ಲಿ, ನಗೋಕೆ ಒಂಟೆ ಇರ್ಲಿ.”

ಆ ವಾರವೆಲ್ಲ ನನಗೆ ನಿದ್ದೆಯಿಲ್ಲ. ನಲವತ್ತೊಂದು ವರ್ಷ ಒಬ್ಬನನ್ನು ಕಳ್ಳ ಎಂದಿದ್ದೇನೆ. ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಸಂತೆಯಲ್ಲಿ. ನಮ್ಮಲ್ಲಿ ಇಂಥದ್ದಕ್ಕೆ ಮಾತು ಸಾಲದು, ತಪ್ಪು ಮಾಡಿದವನು ಹೋಗಿ ಎಲ್ಲರೆದುರು ಆ ಮನುಷ್ಯನ ತಲೆಗೆ ಮುತ್ತಿಡಬೇಕು. ಶುಕ್ರವಾರದ ನಮಾಜು ಮುಗಿಯುತ್ತಲೇ ಇಟ್ಟೇಬಿಡುತ್ತೇನೆ ಎಂದು ನಿರ್ಧರಿಸಿದೆ. ಮೀಸೆ ಒರೆಸಿಕೊಂಡು, ಒಗೆದ ಬಟ್ಟೆ ಉಟ್ಟು, “ನಿನ್ನ ಹಕ್ಕು ನನ್ನ ತಲೆಯ ಮೇಲಿದೆ, ಕ್ಷಮಿಸು” ಎಂದು ಬಾಯಿಪಾಠ ಮಾಡಿಕೊಳ್ಳುತ್ತ ಮನೆಯಿಂದ ಹೊರಬಿದ್ದೆ.

ಗೋಡೆಯ ಮೂಲೆಯಲ್ಲಿ ಅಕ್ಷರಗಳು ಕಂಡವು. ನನ್ನ ಓದು ನಿಧಾನ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ‘ಬರೆದವನು: ಶಾಜ್ಲಿ.’ ಸರಿ, ಚಿತ್ರಗಾರರ ಪದ್ಧತಿ, ಇರಲಿ. ಅದರ ಕೆಳಗೆ ಇನ್ನೊಂದು ಸಾಲು. ‘ಒಂಟೆ ಮಾತ್ರ: ಗಿರಣಿಯ ದಿಯಾಬ್.’

ಮಸೀದಿಯ ಬಾಗಿಲಲ್ಲಿ ಶಾಜ್ಲಿ ನಿಂತಿದ್ದ. ತಲೆ ಬಾಗಿಸಿಯೇ ನಿಂತಿದ್ದ, ಗೊತ್ತಿದ್ದವನ ಹಾಗೆ. ನಾನು ಬಾಯಿ ತೆರೆದೆ. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ, ಬಂದದ್ದು ಒಂದೇ ಮಾತು.

“ಅಳಿಸೋ ಅದನ್ನ!”

“ಗೋಡೆ ಹಾಜಾ ಅವ್ರದು. ಅವ್ರನ್ನ ಕೇಳು,” ಎಂದ.

ಅತ್ತೆಯನ್ನು ಕೇಳಿದೆ. “ಹೆಸರು ಅಳಿಸಿದ್ರೆ ಒಂಟೆ ಯಾರ್ದು ಅಂತ ಬಂದೋರಿಗೆ ಹೇಗೆ ಗೊತ್ತಾಗ್ಬೇಕು?” ಎಂದರು.

ಇದಾಗಿ ಮೂರು ವರ್ಷವಾಯಿತು. ಪಕ್ಕದ ಹಳ್ಳಿಗಳಿಂದಲೂ ಜನ ಒಂಟೆ ನೋಡಲು ಬರುತ್ತಾರೆ, ಹೆಸರು ಓದಿಕೊಂಡು ಗಿರಣಿಗೂ ಬಂದು ನನ್ನ ಮುಖ ನೋಡಿ ಹೋಗುತ್ತಾರೆ. ನಾನು ಮುತ್ತಿಡಬೇಕಾದದ್ದು ಇದೆ, ಇಲ್ಲವೆನ್ನುವುದಿಲ್ಲ. ಪ್ರತಿ ಶುಕ್ರವಾರ ಸಿದ್ಧನಾಗಿಯೇ ಹೊರಡುತ್ತೇನೆ. ಅವನ ತಲೆ ಅಲ್ಲೇ ಇದೆ, ನನ್ನ ತುಟಿ ಇಲ್ಲೇ ಇದೆ, ನಡುವೆ ಆ ಒಂಟೆ ನಿಂತಿದೆ. ಅದರ ಬಣ್ಣ ಯಾವುದು ಎಂದು ನನ್ನನ್ನು ಮಾತ್ರ ಕೇಳಬೇಡಿ!