ಇಳಿಜಾರು ಚಾವಣಿಯ ಕೆಳಗೆ ಆರಡಿಯ ಮನುಷ್ಯ

ಎತ್ತರದ ಮನುಷ್ಯರಿಗೆಲ್ಲ ಒಳಗೊಳಗೇ ಒಂದು ಜಂಬವಿರುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಎತ್ತರ ನಾವು ಓದಿ ಗಳಿಸಿದ್ದಲ್ಲ, ದುಡಿದು ಸಂಪಾದಿಸಿದ್ದೂ ಅಲ್ಲ. ಆದರೂ ಗುಂಪಿನ ಫೋಟೋಕ್ಕೆ ಹಿಂದಿನ ಸಾಲಿನಲ್ಲಿ ಹೋಗಿ ನಿಲ್ಲುವಾಗ ಏನೋ ಬಡ್ತಿ ಸಿಕ್ಕ ಹಾಗಿರುತ್ತದೆ. ನಾನು ಆರಡಿ. ನನ್ನ ಹೆಂಡತಿ ಶಾಂತಾ ಐದಡಿಗೂ ಸ್ವಲ್ಪ ಕಡಿಮೆ. ಹೀಗಾಗಿ ಮದುವೆಯಾದ ದಿನದಿಂದ ಅಡುಗೆಮನೆಯ ಮೇಲಿನ ಹಲಗೆ ನನ್ನ ಅಧಿಕಾರದ ಕ್ಷೇತ್ರ. "ಏನ್ರೀ, ತೊಗರಿಬ್ಯಾಳಿ ಡಬ್ಬಿ ಇಳಿಸಿಕೊಡ್ರಿ" ಎಂದು ಅವಳು ಕೂಗಿದರೆ ನಾನು ಪುಸ್ತಕದಿಂದ ಕಣ್ಣೆತ್ತದೆ, "ಬಂದೆ, ಇದೊಂದು ಪುಟ ಮುಗೀಲಿ" ಎನ್ನುತ್ತೇನೆ. ಆ ಪುಟ ಯಾವಾಗಲೂ ಸ್ವಲ್ಪ ಉದ್ದವೇ ಇರುತ್ತದೆ.

ನಾವು ಗದಗಿನ ಕಡೆಯವರು. ವಿಮಾ ಕಂಪನಿ ನನ್ನನ್ನು ವರ್ಗ ಮಾಡಿ ಮಾಡಿ ಕಡೆಗೆ ವಡೋದರಾಕ್ಕೆ ತಂದು ಹಾಕಿದೆ. ಪ್ರತಿ ವರ್ಗಾವಣೆಯಲ್ಲಿ ಮನೆಯ ಸಾಮಾನು ಕರಗುತ್ತ ಬಂದರೂ ಕನ್ನಡ ಪುಸ್ತಕಗಳು ಮಾತ್ರ ಬೆಳೆಯುತ್ತ ಬಂದಿವೆ. ಅವನ್ನು ತುಂಬಿದ ರಟ್ಟಿನ ಪೆಟ್ಟಿಗೆಗಳು ಈ ಬಾಡಿಗೆ ಮನೆಯ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದವು. ಒಂದು ದಿನ ಶಾಂತಾ ಅವುಗಳಲ್ಲೊಂದಕ್ಕೆ ಎಡವಿ ಕಾಲುಬೆರಳು ಹಿಡಿದುಕೊಂಡು ಕೂತಳು. ಕೂತಲ್ಲಿಂದಲೇ ತೀರ್ಪು ಕೊಟ್ಟಳು: "ಬರೂ ರವಿವಾರದೊಳಗ ಇವಕ್ಕೊಂದು ನೆಲಿ ಮಾಡ್ರಿ. ಇಲ್ಲಾಂದ್ರ ಪಸ್ತಿಯಾಂವನ್ನ ಕರೀತೇನಿ."

ಇಲ್ಲಿ ರದ್ದಿಗೆ ಪಸ್ತಿ ಎನ್ನುತ್ತಾರೆ. ಶಾಂತಾ ಸುಮ್ಮನೆ ಹೆದರಿಸುವ ಪೈಕಿ ಅಲ್ಲ. ಹಿಂದಿನ ಊರಿನಲ್ಲಿ ನನ್ನ ವ್ಯಾಯಾಮದ ಸೈಕಲ್ಲನ್ನು ಅದಕ್ಕೆ ಹೊದಿಸಿದ್ದ ಹೊದಿಕೆಯ ಸಮೇತ ದಾನ ಮಾಡಿದವಳು. ನನಗೆ ನಿಜವಾಗಿ ಭಯವಾಯಿತು. ಈ ಊರಿನಲ್ಲಿ ಕನ್ನಡ ಪುಸ್ತಕ ಕೈಬಿಟ್ಟರೆ ಮತ್ತೆ ಸಿಗುವ ಮಾತಿಲ್ಲ. ತಕ್ಕಡಿ ಹಿಡಿದವನಿಗೆ ಕಾವ್ಯವೂ ಒಂದೇ, ಹಳೆಯ ಪಂಚಾಂಗವೂ ಒಂದೇ.

ಮಹಡಿಯಲ್ಲಿ ಒಂದು ಕೋಣೆ ಖಾಲಿ ಇತ್ತು. ಅದರ ಚಾವಣಿ ಬಾಗಿಲ ಬದಿಯಲ್ಲಿ ಎತ್ತರವಾಗಿದ್ದು, ಎದುರು ಗೋಡೆಯ ಕಡೆಗೆ ಇಳಿಯುತ್ತ ಇಳಿಯುತ್ತ ನನ್ನ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ರೆಡಿಮೇಡ್ ಕಪಾಟು ತರಿಸಿದರಾಯಿತು ಎಂದುಕೊಂಡೆ. ಅಳತೆಯ ಟೇಪು ಹುಡುಕುವ ತಾಪತ್ರಯ ಯಾಕೆ, ಆರಡಿಯ ನಾನೇ ಇಲ್ಲವೇ? ಕೋಣೆಯಲ್ಲಿ ನೆಟ್ಟಗೆ ನಿಂತೆ. ಕೂದಲು ಚಾವಣಿಗೆ ಸೋಕಿಯೂ ಸೋಕದ ಹಾಗಿತ್ತು. ತಕ್ಷಣ ಆರಡಿಯ ಎರಡು ಕಪಾಟು ತರಿಸಿದೆ. ಬಿಡಿಬಿಡಿ ಹಲಗೆಗಳಾಗಿ ಬಂದವು. ಶನಿವಾರವಿಡೀ ಸ್ಕ್ರೂ ತಿರುಗಿಸಿ ಅಂಗೈ ಕೆಂಪಾಯಿತು. ಕಪಾಟುಗಳೂ ನನ್ನ ಹಾಗೆಯೇ ನೆಟ್ಟಗೆ ನಿಂತವು, ಆದರೆ ನಾನು ನಿಂತಿದ್ದ ಜಾಗದಲ್ಲೇ, ಅಂದರೆ ಕೋಣೆಯ ನಟ್ಟನಡುವೆ! ಒಂದು ಗೇಣು ಹಿಂದಕ್ಕೆ ಸರಿಸಿದರೂ ತಲೆ ಚಾವಣಿಗೆ ತಾಗುತ್ತಿತ್ತು.

ಚಹಾ ತಂದ ಶಾಂತಾ ಕಪಾಟಿನ ಈ ಬದಿಯಿಂದ ಹಿಂದಕ್ಕೆ ಹೋಗಿ, ಆ ಬದಿಯಿಂದ ಹೊರಗೆ ಬಂದಳು. "ಹಿಂದ ಯಾರ್ನರ ಬಾಡಿಗಿಗೆ ಇಡಾವ್ರೇನ್ರೀ?" ಎಂದಳು.

ಪಕ್ಕದ ಮನೆಯ ಭೂಪೇಂದ್ರಭಾಯಿ ಮಕರಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಕತ್ತರಿಸಿದರೆ ಸರಿಹೋಗದ ವಸ್ತು ಜಗತ್ತಿನಲ್ಲಿಲ್ಲ ಎಂದು ನಂಬಿದವರು. ಸುದ್ದಿ ತಿಳಿದು ಗರಗಸದ ಸಮೇತ ಬಂದರು. "ಊಪರ್ ಸೇ ಕಾಟ್ ಡಾಲೋ ಸಾಹೇಬ್, ದೋ ಮಿನಿಟ್ ಕಾ ಕಾಮ್!" ಹೊಚ್ಚಹೊಸ ಕಪಾಟಿನ ತಲೆ ಕತ್ತರಿಸಲು ಬಿಡದೆ ನಾನು ಅಡ್ಡ ನಿಂತು ನಾಳೆ ನೋಡೋಣವೆಂದೆ. ಅವರು ಹೋದರು, ಗರಗಸವನ್ನು ಅಲ್ಲೇ ಒರಗಿಸಿಟ್ಟು.

ರವಿವಾರ ಬೆಳಗಾಯಿತು. ಬೀದಿಯ ಆ ತುದಿಯಲ್ಲಿ "ಪಸ್ತೀ..." ಎಂಬ ಕೂಗು ಕೇಳಿಸಿತು. ಭೂಪೇಂದ್ರಭಾಯಿಯ ಮನೆಯಿಂದ ಟಿಫಿನ್ ಕ್ಯಾರಿಯರಿನಲ್ಲಿ ಕಡಲೆಹಿಟ್ಟಿನ ಬಿಸಿ ತಿಂಡಿ ಖಮಣ್ ಬಂದಿತ್ತು. ಶಾಂತಾ ಕ್ಯಾರಿಯರನ್ನು ಬಿಚ್ಚಿ, ಒಂದರ ಮೇಲೊಂದಿದ್ದ ಡಬ್ಬಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ನಾನು ಖಮಣ್ ಬಿಟ್ಟು ಡಬ್ಬಿಗಳನ್ನೇ ನೋಡಿದೆ. ಗೋಪುರ ಹೋಗಿ ಸಾಲಾಗಿತ್ತು! ಕೈಯಲ್ಲಿದ್ದ ತಟ್ಟೆ ಅಲ್ಲೇ ಬಿಟ್ಟು ಮಹಡಿಗೆ ಓಡಿದೆ.

ನನ್ನ ಊಹೆ ಸರಿಯಾಗಿತ್ತು. ಕಪಾಟಿನ ನಡುವೆ ಒಂದು ಜೋಡಣೆ ಇತ್ತು. ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ. ಇದನ್ನು ತಯಾರಕರು ಕಾಗದದಲ್ಲಿ ಚಿತ್ರ ಸಮೇತ ವಿವರಿಸಿದ್ದರಂತೆ. ಆ ಕಾಗದದ ಮೇಲೆ ನಾನು ಚಹಾದ ಲೋಟ ಇಟ್ಟಿದ್ದೆ. ಸ್ಕ್ರೂ ಬಿಚ್ಚಿ, ಮೇಲಿನದನ್ನು ಇಳಿಸಿ, ಎಲ್ಲವನ್ನೂ ಗಿಡ್ಡ ಗೋಡೆಗೆ ಸಾಲಾಗಿ ತಳ್ಳಿದೆ. ಅಬ್ಬ! ಆ ಗೋಡೆಗೆಂದೇ ಹುಟ್ಟಿದ ಹಾಗೆ ಕೂತವು. ಪುಸ್ತಕಗಳೆಲ್ಲ ಒಳಗೆ ಸೇರಿದ ಮೇಲೂ ಜಾಗ ಉಳಿಯಿತು. "ಅರೇ ವಾಹ್, ಮಸ್ತ್ ಛೇ ಸಾಹೇಬ್!" ಎಂದ ಭೂಪೇಂದ್ರಭಾಯಿ ಸ್ವಲ್ಪ ನಿರಾಶೆಯಿಂದಲೇ ಗರಗಸ ಎತ್ತಿಕೊಂಡು ಹೋದರು. ಪಸ್ತಿವಾಲಾನಿಗೆ ಸಿಕ್ಕಿದ್ದು ಬರೀ ಖಾಲಿ ಪೆಟ್ಟಿಗೆಗಳು. ಅವನ ಗಾಡಿ ತಿರುವು ದಾಟುವವರೆಗೆ ನಾನು ಬಾಲ್ಕನಿಯಲ್ಲಿ ಎದೆಯುಬ್ಬಿಸಿ ನಿಂತಿದ್ದೆ. ಶಾಂತಾ ಕೂಡ, "ಛಲೋ ಆತು ಬಿಡ್ರಿ" ಎಂದಳು. ಅವಳ ಬಾಯಿಂದ ಅದು ದೊಡ್ಡ ಬಿರುದು.

ಸಂಜೆ, ಮೊದಲ ಭಾಗ ಓದಿ ಮುಗಿಸಿದ್ದ ಕಾದಂಬರಿಯ ಎರಡನೆಯ ಭಾಗ ತರಲು ಮಹಡಿಗೆ ಹೋದೆ. ಮೊದಲು ಹಣೆ ಬಡಿಯಿತು. ಬಗ್ಗಿದೆ, ನೆತ್ತಿ ಬಡಿಯಿತು. ಮಂಡಿಯೂರಿ ಹೋದೆ, ಕಪಾಟಿನವರೆಗೇನೋ ಮುಟ್ಟಿದೆ, ಏಳುವಾಗ ಬೆನ್ನು ಹಿಡಿದುಕೊಂಡಿತು. ಸದ್ದು ಕೇಳಿ ಬಂದ ಶಾಂತಾ ಸೆರಗು ಸಿಕ್ಕಿಸಿಕೊಂಡು, ತಲೆಯನ್ನು ಕೂದಲೆಳೆಯಷ್ಟೂ ತಗ್ಗಿಸದೆ, ನೆಟ್ಟಗೆ ಕಪಾಟಿನ ಮುಂದೆ ಹೋಗಿ ನಿಂತಳು. ಸುತ್ತ ನೋಡಿದಳು. ಮೇಲೆ ನೋಡಿದಳು. ನಿಧಾನವಾಗಿ ಅವಳ ಮುಖದಲ್ಲಿ ನಗು ಹರಡಿತು.

"ಯಾವುದು ಬೇಕಿತ್ರೀ?"

ಅಂದಿನಿಂದ ನನ್ನ ಪುಸ್ತಕಗಳು ಅವಳ ಕೈಯಲ್ಲಿವೆ. ಕೇಳಿದರೆ ಕೆಳಗಿನಿಂದ ಉತ್ತರ ಬರುತ್ತದೆ: "ಬಂದೆ, ಇದೊಂದು ಸೀಟಿ ಆಗ್ಲಿ." ನಮ್ಮ ಕುಕ್ಕರಿನ ಆ ಸೀಟಿ ಯಾವಾಗಲೂ ಸ್ವಲ್ಪ ತಡವೇ.

ನಿನ್ನೆ ಅಡುಗೆಮನೆಯಿಂದ "ಏನ್ರೀ, ತೊಗರಿಬ್ಯಾಳಿ..." ಎಂಬ ದನಿ ಕೇಳಿತು. ಅವಳು ಡಬ್ಬಿ ಎನ್ನುವ ಹೊತ್ತಿಗೆ ನಾನು ಕೈ ಮೇಲೆತ್ತಿ ಹಲಗೆಯ ಮುಂದೆ ನಿಂತಾಗಿತ್ತು. ಇಳಿಸಿಕೊಟ್ಟೆ. ಬಿಗಿಯಾಗಿದ್ದ ಮುಚ್ಚಳವನ್ನೂ ನಾನೇ ತೆಗೆದುಕೊಟ್ಟೆ. ಕಾದಂಬರಿಯ ಮೂರನೆಯ ಭಾಗ ಇನ್ನೂ ಮಹಡಿಯಲ್ಲೇ ಇತ್ತು.