ಕುಪ್ಪೇಲೂರ ಸರ್ ಬರೆದ ವಿಮರ್ಶೆ

ಇಲ್ಲದ ಮನುಷ್ಯನಿಗೆ ಹೆದರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಈಗ ಪಾಳಿ ನನ್ನದು. ಸುಳ್ಳು ಹುಟ್ಟಿಸುವುದು ಬಹಳ ಸುಲಭ, ಒಂದು ಪೆನ್ನು ಮತ್ತು ಸ್ವಲ್ಪ ಅವಸರ ಇದ್ದರೆ ಸಾಕು. ಆದರೆ ಹುಟ್ಟಿದ ಸುಳ್ಳು ತಾನೇ ಎದ್ದು ಓಡಾಡತೊಡಗಿ, ಹುಟ್ಟಿಸಿದವನಿಗೇ ಪತ್ರ ಬರೆಯತೊಡಗಿದರೆ ಏನು ಮಾಡಬೇಕು ಎಂಬುದನ್ನು ಯಾವ ಹಿರಿಯರೂ ನನಗೆ ಹೇಳಿಕೊಡಲಿಲ್ಲ. ನಾನು ರಾಣೆಬೆನ್ನೂರಿನ ಒಂದು ಪದವಿ ಕಾಲೇಜಿನ ಗ್ರಂಥಪಾಲಕ. ವಯಸ್ಸು ಐವತ್ತೆರಡು, ಸ್ವಲ್ಪ ಸಕ್ಕರೆ ಕಾಯಿಲೆ, ತಲೆ ಮಾತ್ರ ನೆಟ್ಟಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿದ ಮೇಲೆ ನಿಮಗೆ ಬೇರೆ ಅನುಮಾನ ಬರಬಾರದು.

ಗ್ರಂಥಪಾಲಕ ಎಂದರೆ ಕಾಲೇಜಿನಲ್ಲಿ ಅರ್ಧ ಮಾಸ್ತರ, ಅರ್ಧ ಬೀಗದ ಕೈ. ಕನ್ನಡದವರು ನಾಲ್ಕು ಜನ ಇರುತ್ತಾರೆ, ವಾಣಿಜ್ಯದವರು ಆರು ಜನ ಇರುತ್ತಾರೆ, ಅವರವರಲ್ಲೇ ಜಗಳವಾಡಿಕೊಂಡು ಸುಖವಾಗಿರುತ್ತಾರೆ. ಗ್ರಂಥಪಾಲಕ ಮಾತ್ರ ಕಾಲೇಜಿಗೆ ಒಬ್ಬನೇ. ಕಷ್ಟ ಹೇಳಿಕೊಳ್ಳಬೇಕೆಂದರೆ ಕಪಾಟಿಗೆ ಹೇಳಬೇಕು. ಇಪ್ಪತ್ತಾರು ವರ್ಷ ನಾನು ಕಪಾಟಿಗೇ ಹೇಳಿದೆ. ಹಾಗಾಗಿ ಹಾವೇರಿಯಲ್ಲಿ ನಡೆದ ಒಂದು ತರಬೇತಿಯ ಚಹಾದ ಹೊತ್ತಿನಲ್ಲಿ ಅಲ್ಲಿನ ಕಾಲೇಜಿನ ಗ್ರಂಥಪಾಲಕಿ ಶಶಿಕಲಾ ಮೇಡಂ, ನಮ್ಮ ಅಧ್ಯಾಪಕರು ಬಡ್ತಿಗಾಗಿ ಎಲ್ಲೆಲ್ಲೋ ಇರುವ ಪತ್ರಿಕೆಗಳಿಗೆ ದುಡ್ಡು ಕಟ್ಟಿ ಲೇಖನ ಹಾಕಿಸುತ್ತಾರಲ್ಲ, ಅದನ್ನು ನಮ್ಮ ಗ್ರಂಥಾಲಯಗಳೇ ಸೇರಿ ಯಾಕೆ ನ್ಯಾಯವಾಗಿ ಪ್ರಕಟಿಸಬಾರದು ಎಂದಾಗ, ನನಗೆ ಕಣ್ಣಲ್ಲಿ ನೀರೇ ಬಂತು. ಲೇಖನಗಳನ್ನು ನಾವೇ ತಜ್ಞರಿಂದ ತಿದ್ದಿಸಿ, ಯಾರು ಬೇಕಾದರೂ ಪುಕ್ಕಟೆ ಓದುವಂತೆ ಜಾಲದಲ್ಲಿ ಹಾಕುವುದು, ತಿಂಗಳಿಗೊಮ್ಮೆ ಮೂರನೆಯ ಶನಿವಾರ ಮಧ್ಯಾಹ್ನ ಒಂದೊಂದು ಊರಿನಲ್ಲಿ ಸೇರುವುದು ಎಂದಾಯಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೇರಿ ನಾವು ಆರು ಜನ. ಕಾರ್ಯದರ್ಶಿ ಯಾರು ಎಂಬ ಚರ್ಚೆ ನಡೆದಾಗ ನಾನು ಕೈ ತೊಳೆಯಲು ಹೋಗಿದ್ದೆ. ಬರುವಷ್ಟರಲ್ಲಿ ಕಾರ್ಯದರ್ಶಿಯಾಗಿದ್ದೆ.

ಬಳಗಕ್ಕೆ ನಿಯಮ ಬೇಕಲ್ಲ, ದೊಡ್ಡ ವಿಶ್ವವಿದ್ಯಾಲಯವೊಂದರ ನಿಯಮಗಳನ್ನು ಹಾಗೇ ಎತ್ತಿ ಇಳಿಸಿಕೊಂಡೆವು. ಅದರಲ್ಲಿ ಒಂದು, ನಮ್ಮ ಯಾವ ಕಾಲೇಜಿಗೂ ಸೇರದ ಹೊರಗಿನ ವಿಮರ್ಶಕರು ಒಬ್ಬರಾದರೂ ಇರಬೇಕು ಎಂಬುದು. ಮೂವರು ನಿವೃತ್ತ ಪ್ರಾಧ್ಯಾಪಕರನ್ನು ಕೇಳಿದೆ. ಒಬ್ಬರಿಗೆ ಕಣ್ಣಿನ ಆಪರೇಷನ್, ಇನ್ನೊಬ್ಬರಿಗೆ ಮೊಮ್ಮಗಳ ಮದುವೆ, ಮೂರನೆಯವರು ಫೋನನ್ನೇ ಎತ್ತಲಿಲ್ಲ. ಪ್ರಾಚಾರ್ಯರು ಸಂಜೆಯೊಳಗೆ ಪಟ್ಟಿ ಕೊಡಿ ಎಂದಿದ್ದರು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಪಟ್ಟಿ ತುಂಬುತ್ತಿದ್ದೆ. ಎದುರಿಗೆ ಕುಪ್ಪೇಲೂರಿನ ಬಸ್ಸು ಬಂದು ನಿಂತಿತು. ಊರ ಹೆಸರೇ ಅಡ್ಡಹೆಸರಾಗುವ ಸೀಮೆ ನಮ್ಮದು, ಕೈ ತಾನಾಗಿಯೇ ಬರೆಯಿತು: ಪ್ರೊ. ಎನ್. ಜಿ. ಕುಪ್ಪೇಲೂರ, ನಿವೃತ್ತರು. ಅವರಿಗೊಂದು ಮಿಂಚಂಚೆ ವಿಳಾಸವನ್ನೂ ಅಲ್ಲೇ ಫೋನಿನಲ್ಲಿ ಮಾಡಿದೆ. ಮನುಷ್ಯನನ್ನು ಹುಟ್ಟಿಸಲು ಬಸ್ಸು ಹಿಂದೆ ಸರಿದು ಹೊರಡುವಷ್ಟು ಹೊತ್ತು ಸಾಕಾಯಿತು.

ಈಗ ವಿಮರ್ಶೆಯ ಸಂಕಟ ಹೇಳಬೇಕು. ಬರೆದವರ ಹೆಸರು ತೆಗೆದು ತಜ್ಞರಿಗೆ ಕಳಿಸಬೇಕು, ಅವರು ಮುಲಾಜಿಲ್ಲದೆ ಅಭಿಪ್ರಾಯ ಬರೆಯಬೇಕು. ನಿಯಮವೇನೋ ಚೆನ್ನಾಗಿದೆ. ಆದರೆ ಹಲಗೇರಿಯ ಶಾಲಾ ಮಕ್ಕಳ ಓದಿನ ಹವ್ಯಾಸದ ಮೇಲೆ ಬರೆಯುವವರು ಈ ಜಗತ್ತಿನಲ್ಲಿ ಒಬ್ಬರೇ, ಅವರು ಹಲಗೇರಿಯವರು, ಮತ್ತು ಅವರ ಷಡ್ಡಕ ನಮ್ಮ ಪ್ರಾಚಾರ್ಯರು. ಹೆಸರು ತೆಗೆದರೇನು, ಬಿಟ್ಟರೇನು? ಹೀಗಾಗಿ ನಮ್ಮಲ್ಲಿ ಬರುವ ಎಲ್ಲ ವಿಮರ್ಶೆಗಳೂ ಎರಡೇ ಸಾಲು: ‘ಉತ್ತಮ ಪ್ರಯತ್ನ. ಪ್ರಕಟಿಸಬಹುದು.’ ನಾನೂ ಅದನ್ನೇ ಬರೆಯುತ್ತಿದ್ದೆ. ಒಮ್ಮೆ ಅವಸರದಲ್ಲಿ ಲೇಖನದ ಬದಲು ಖಾಲಿ ಹಾಳೆ ಹೋಗಿತ್ತು, ಅದಕ್ಕೂ ‘ಉತ್ತಮ ಪ್ರಯತ್ನ’ ಬಂತು.

ದಾಖಲೆಗೆ ಇರಲಿ ಎಂದು ಪ್ರತಿ ಲೇಖನವನ್ನೂ ಕುಪ್ಪೇಲೂರ ಸರ್ ವಿಳಾಸಕ್ಕೂ ಕಳಿಸುತ್ತಿದ್ದೆ. ಎರಡನೆಯ ತಿಂಗಳು, ಮಂಗಳವಾರ ಮಧ್ಯಾಹ್ನ, ಕರೆಂಟು ಹೋಗಿ ಪಂಖಾ ನಿಧಾನಕ್ಕೆ ನಿಲ್ಲುತ್ತಿದ್ದಾಗ ಫೋನು ಟಿಣ್ ಎಂದಿತು. ಕುಪ್ಪೇಲೂರ ಸರ್ ಅವರಿಂದ ವಿಮರ್ಶೆ ಬಂದಿತ್ತು. ಹಲಗೇರಿಯ ಲೇಖನದ ಮೇಲೆ ಒಂದೂವರೆ ಪುಟ. ಎರಡನೆಯ ಕೋಷ್ಟಕದ ಮೊತ್ತ ತಪ್ಪಿದೆ, ನಾಲ್ಕನೆಯ ಪುಟ ಬೇರೆಯವರ ಪುಸ್ತಕದಿಂದ ಬಂದಿದೆ, ಆದರೆ ಕೊನೆಯ ಭಾಗದಲ್ಲಿ ಮಕ್ಕಳ ಮಾತುಗಳು ಬಹಳ ಚೆನ್ನಾಗಿವೆ, ಅಲ್ಲಿಂದಲೇ ಲೇಖನ ಶುರು ಮಾಡಲು ಹೇಳಿ. ಓದುತ್ತ ಓದುತ್ತ ನನ್ನ ಅಂಗಿ ಬೆನ್ನಿಗೆ ಅಂಟಿತು. ಸುತ್ತ ನೋಡಿದೆ. ಪುಸ್ತಕದ ಸಾಲುಗಳ ನಡುವೆ ಯಾರೂ ಇರಲಿಲ್ಲ, ಇರುವುದೂ ಅಪರೂಪ ಬಿಡಿ.

ಯಾರೋ ನನ್ನ ಜೊತೆ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಆದರೆ ಯಾರನ್ನು ಕೇಳಲಿ? ‘ಕುಪ್ಪೇಲೂರ ಸರ್ ಹೆಸರಿನಲ್ಲಿ ನೀವು ಬರೆದಿರಾ’ ಎಂದು ಕೇಳಿದರೆ ಅಂಥವರು ಇಲ್ಲ ಎಂದು ಒಪ್ಪಿಕೊಂಡ ಹಾಗೆ. ಪತ್ರಿಕೆಯ ಮುಖಪುಟದ ಒಳಗೆ ನಾವೇ ‘ಪ್ರಾಮಾಣಿಕತೆ ನಮ್ಮ ಉಸಿರು’ ಎಂದು ಹಾಕಿಕೊಂಡಿದ್ದೇವೆ. ಇಲ್ಲದ ಮನುಷ್ಯನನ್ನು ಕಾರ್ಯದರ್ಶಿಯೇ ಪಟ್ಟಿಗೆ ಸೇರಿಸಿದ್ದಾನೆಂದು ಗೊತ್ತಾದರೆ ಬಳಗ ಅಂದೇ ಮುಗಿಯುತ್ತದೆ, ನಾನು ಮತ್ತೆ ಕಪಾಟಿನ ಮುಂದೆ ನಿಲ್ಲಬೇಕು. ಪಾಸ್‌ವರ್ಡ್ ಬದಲಿಸಬಹುದಿತ್ತು. ಎರಡು ಸಲ ಬೆರಳು ಅಲ್ಲಿಯವರೆಗೆ ಹೋಯಿತು. ಖರೇ ಹೇಳಬೇಕೆಂದರೆ, ಬದಲಿಸಿದರೆ ಇಷ್ಟು ಚೆಂದದ ವಿಮರ್ಶೆ ನಿಂತುಹೋಗುತ್ತದಲ್ಲ ಎಂದು ಹೊಟ್ಟೆ ಉರಿಯಿತು. ಹೆದರಿಕೆಯೂ ಆಸೆಯೂ ಒಟ್ಟಿಗೇ ಬಂದರೆ ಮನುಷ್ಯ ಸುಮ್ಮನೆ ಕೂಡುತ್ತಾನೆ. ನಾನೂ ಕೂತೆ.

ವಿಮರ್ಶೆಗಳು ಬರುತ್ತಲೇ ಹೋದವು. ಲೇಖನಗಳು ಸುಧಾರಿಸಿದವು. ಅಧ್ಯಾಪಕರು ಮೊದಲು ಸಿಟ್ಟಾದರು, ಆಮೇಲೆ ‘ಕುಪ್ಪೇಲೂರ ಸರ್ ಏನಂದ್ರು’ ಎಂದು ಕಾಯತೊಡಗಿದರು. ನಾನು ಸಭೆಯಲ್ಲಿ ಅವರ ಆರೋಗ್ಯ ಸರಿಯಿಲ್ಲ, ಧಾರವಾಡಕ್ಕೆ ಹೋಗಿದ್ದಾರೆ, ಕಿವಿ ಸ್ವಲ್ಪ ಮಂದ ಎಂದೆಲ್ಲ ಹೇಳಿ ಹೇಳಿ, ಕೊನೆಗೆ ಅವರ ಕಿವಿಯ ಬಗ್ಗೆ ನನಗೇ ಕಾಳಜಿ ಶುರುವಾಯಿತು. ಒಂದು ದಿನ ಊಟಕ್ಕೆ ಕುಳಿತಾಗ ನನ್ನ ಹೆಂಡತಿಗೆ, ಪಾಪ, ಈ ವಯಸ್ಸಿನಲ್ಲಿ ಎಷ್ಟು ಓದುತ್ತಾರೆ ನೋಡು ಎಂದೆ. ಹೇಳಿದ ಮೇಲೆ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದೆ.

ಧೈರ್ಯ ಮಾಡಿ ನಾನೂ ಒಂದು ಲೇಖನ ಬರೆದೆ, ನಮ್ಮ ಗ್ರಂಥಾಲಯದ ಓದುಗರ ಸಮೀಕ್ಷೆ. ಅರವತ್ತು ಪ್ರಶ್ನಾವಳಿ ಹಂಚಿದ್ದೆ, ನಲವತ್ತು ಬಂದವು. ಉಳಿದ ಇಪ್ಪತ್ತನ್ನು ವರಾಂಡದಲ್ಲಿ ಕುಳಿತು ನಾನೇ ತುಂಬಿದೆ. ಯಾರು ಮಾಡುವುದಿಲ್ಲ ಹೇಳಿ? ತುಂಬಿದ ಹಾಳೆಗಳು ನನ್ನ ಕಪಾಟಿನಲ್ಲಿವೆ, ಕೀಲಿ ನನ್ನ ಜನಿವಾರದಂತೆ ಸದಾ ಮೈಮೇಲೆ. ಐದನೆಯ ದಿನ ವಿಮರ್ಶೆ ಬಂತು. ಎರಡೇ ವಾಕ್ಯ. ‘ನಲವತ್ತೊಂದರಿಂದ ಅರವತ್ತರವರೆಗಿನ ನಮೂನೆಗಳನ್ನು ಒಂದೇ ಸಲ ಕುಳಿತು, ಒಂದೇ ನೀಲಿ ಪೆನ್ನಿನಿಂದ ತುಂಬಲಾಗಿದೆ. ಲೇಖಕರು ಆ ಇಪ್ಪತ್ತು ಜನರನ್ನು ಭೇಟಿಯಾಗಿ ಬರಲಿ, ಆಮೇಲೆ ನೋಡೋಣ.’ ಎದ್ದು ಹೋಗಿ ಕಪಾಟು ನೋಡಿದೆ. ಬೀಗ ಹಾಕಿದ್ದು ಹಾಗೇ ಇತ್ತು. ಆ ಹಾಳೆಗಳನ್ನು ನಾನು ಯಾರಿಗೂ ತೋರಿಸಿರಲಿಲ್ಲ, ಲೇಖನದಲ್ಲಿ ಅವುಗಳ ನಂಬರೂ ಇರಲಿಲ್ಲ.

ಇದರ ಮೇಲೆ ಇನ್ನೊಂದು ಪೆಟ್ಟು. ಮುಂದಿನ ಸಭೆ ಬ್ಯಾಡಗಿಯಲ್ಲಿ, ಅಲ್ಲಿ ಕುಪ್ಪೇಲೂರ ಸರ್‌ಗೆ ಸನ್ಮಾನ ಎಂದು ಬಳಗ ಠರಾವು ಮಾಡಿಬಿಟ್ಟಿತು. ಅಲ್ಲಿನ ಗ್ರಂಥಪಾಲಕ ಮುಲ್ಲಾ ಸರ್ ಶಾಲು ತಂದಿಟ್ಟಿದ್ದರು. ಕಾರ್ಯದರ್ಶಿಯೇ ಖುದ್ದಾಗಿ ಅವರನ್ನು ಕರೆತರಬೇಕು ಎಂದರು. ಆ ಶನಿವಾರ ನಾನು ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇಟ್ಟುಕೊಂಡೇ ಹೋದೆ. ಯಾಕೆ ಇಟ್ಟುಕೊಂಡೆನೋ ಈಗಲೂ ತಿಳಿಯದು. ಅಷ್ಟು ಜನ ನಿಂತಿದ್ದರೂ ಯಾರೂ ಬಂದು ಕೂಡಲಿಲ್ಲ.

ಮೆಣಸಿನಕಾಯಿಯ ಸುಗ್ಗಿ. ಊರು ಮುಟ್ಟಿದೊಡನೆ ಸೀನು ಶುರು. ಕಾಲೇಜಿನ ಗ್ರಂಥಾಲಯದಲ್ಲಿ ಎಲ್ಲರೂ ಕರವಸ್ತ್ರ ಹಿಡಿದು ಕುಳಿತಿದ್ದರು. ನಡುವೆ ಖಾಲಿ ಕುರ್ಚಿ, ಅದರ ಮೇಲೆ ಶಾಲು, ಹಾರ. ಸತ್ಯ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚಹಾ ತಂದ ಸಿಪಾಯಿ ಗಂಗವ್ವ, ಇಪ್ಪತ್ತು ವರ್ಷದಿಂದ ಆ ಗ್ರಂಥಾಲಯ ಕಸಗುಡಿಸುವವಳು, ಕುರ್ಚಿ ನೋಡಿ ಕೇಳಿದಳು.

“ಇದು ಆ ಹಿರಿ ಸರಗೇನ್ರಿ? ಅವ್ರು ಮುಂಜಾನೆ ಬಂದು ಹೋದ್ರಲ್ರಿ. ಹಳೇ ಪತ್ರಿಕಾ ಕೇಳಿದ್ರು, ಒಂದ್ ತಾಸು ಓದಿದ್ರು, ಹೋದ್ರು.”

ಹೇಗಿದ್ದರು ಎಂದು ಮುಲ್ಲಾ ಸರ್ ಕೇಳಿದರು. ಎತ್ತರದವರು, ಕೊಡೆ ಹಿಡಿದಿದ್ದರು, ಒಂದು ಸಲವೂ ಸೀನಲಿಲ್ಲ ಎಂದಳು. ಆಮೇಲೆ ತಾನೇ ಅಚ್ಚರಿಪಟ್ಟು ಇನ್ನೊಂದು ಮಾತು ಸೇರಿಸಿದಳು: ಓದಿದ್ದನ್ನೆಲ್ಲ ತೆಗೆದ ಜಾಗದಲ್ಲೇ, ನಂಬರ್ ನೋಡಿ, ವಾಪಸ್ ಇಟ್ಟು ಹೋದರು. ಆರೂ ಜನ ಗ್ರಂಥಪಾಲಕರ ಮೈಮೇಲೆ ಮುಳ್ಳು ಎದ್ದವು. ನಮ್ಮೆಲ್ಲರ ಸೇವೆ ಕೂಡಿಸಿದರೆ ನೂರು ವರ್ಷ ದಾಟುತ್ತದೆ, ಹಾಗೆ ಇಟ್ಟು ಹೋದ ಜೀವಂತ ಓದುಗನನ್ನು ಒಬ್ಬರೂ ಕಂಡಿಲ್ಲ.

ಇನ್ನು ಮುಚ್ಚಿಡುವುದು ಆಗದು ಎನಿಸಿ ಎಲ್ಲ ಹೇಳಿಬಿಟ್ಟೆ. ಕುಪ್ಪೇಲೂರ ಸರ್ ಇಲ್ಲ, ನಾನೇ ಹುಟ್ಟಿಸಿದ್ದು, ವಿಮರ್ಶೆ ಯಾರು ಬರೆಯುತ್ತಾರೋ ನನಗೆ ಗೊತ್ತಿಲ್ಲ, ಬಳಗ ನನ್ನನ್ನು ಬಿಟ್ಟರೂ ಚಿಂತೆಯಿಲ್ಲ, ಬಳಗ ಮಾತ್ರ ಒಡೆಯಬೇಡಿ ಎಂದೆ. ಹೊರಗೆ ಮೆಣಸಿನಕಾಯಿ ಚೀಲ ಹೇರಿದ ಗಾಡಿಯೊಂದು ಹೋಯಿತು. ಶಶಿಕಲಾ ಮೇಡಂ ಶಾಲನ್ನೇ ನೋಡುತ್ತ ಮೆಲ್ಲಗೆ ಹೇಳಿದರು.

“ಮೊದಲನೇದು ನಾ ಬರದದ್ದು, ಸರ. ನಿವೃತ್ತರಾದವರು ಊಟ ಇರೋ ಸಭಾಕ್ಕ ಒಮ್ಮೆನೂ ಬರಂಗಿಲ್ಲ ಅಂದ್ರ ನನಗ ಆಗಳೇ ಸಂಶಯ ಬಂದಿತ್ತು.”

ನಮ್ಮ ಆರೂ ಗ್ರಂಥಾಲಯಗಳಿಗೆ ತಂತ್ರಾಂಶ ಹಾಕಿಕೊಟ್ಟವನು ಒಬ್ಬನೇ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟು ಹೋಗಿದ್ದ. ನಾವು ಯಾರೂ ಅದನ್ನು ಬದಲಿಸಿರಲಿಲ್ಲ, ಕುಪ್ಪೇಲೂರ ಸರ್‌ಗೂ ನಾನು ಅದನ್ನೇ ಇಟ್ಟಿದ್ದೆ. ಮೇಡಂ ಹಾಕಿ ನೋಡಿದರು, ತೆರೆಯಿತು. ತಮ್ಮ ಹೆಸರಿನಲ್ಲಿ ಬರೆಯಲಾಗದ್ದನ್ನು ಅಲ್ಲಿ ಬರೆದರು. ಮುಲ್ಲಾ ಸರ್ ಎದ್ದು ನಿಂತು ತಾವೂ ಐದು ಬರೆದದ್ದಾಗಿ ಒಪ್ಪಿಕೊಂಡರು. ಪಾಪ, ಅವರು ಕುಪ್ಪೇಲೂರ ಸರ್ ನಿಜವಾಗಿ ಇದ್ದಾರೆಂದೇ ತಿಳಿದು, ಹಿರಿಯರ ಹೆಸರು ಕದ್ದೆನಲ್ಲ ಎಂದು ಪ್ರತಿ ಸಲ ತೋಬಾ ತೋಬಾ ಅನ್ನುತ್ತ ಬರೆದಿದ್ದರಂತೆ. ಉಳಿದ ಮೂವರೂ ಒಬ್ಬೊಬ್ಬರಾಗಿ ಕೈ ಎತ್ತಿದರು. ಷಡ್ಡಕ, ಬೀಗರು, ಪ್ರಾಚಾರ್ಯರು ಯಾರೂ ಇಲ್ಲದ ಒಬ್ಬನೇ ಮನುಷ್ಯ ಎಂದರೆ ನಮ್ಮಲ್ಲಿ ಕುಪ್ಪೇಲೂರ ಸರ್. ಎಲ್ಲರಿಗೂ ನಗು ಬಂತು. ನನಗಂತೂ ಎದೆಯ ಮೇಲಿನ ಬಂಡೆ ಸರಿದಂತಾಗಿ, ಅವರ ಶಾಲು ತೆಗೆದು ಮುಖ ಒರೆಸಿಕೊಂಡೆ.

ಹಾಗಾದರೆ ನನ್ನ ಲೇಖನದ ವಿಮರ್ಶೆ ಯಾರದು ಎಂದು ಕೇಳಿದೆ. ಮೇಡಂ ಮುಲ್ಲಾ ಸರ್ ಕಡೆ ನೋಡಿದರು, ಅವರು ಉಳಿದವರ ಕಡೆ ನೋಡಿದರು. ಪಟ್ಟಿ ತೆಗೆದು ಒಂದೊಂದಕ್ಕೂ ಗುರುತು ಹಾಕುತ್ತ ಬಂದೆವು. ಎಲ್ಲಕ್ಕೂ ಒಡೆಯರು ಸಿಕ್ಕರು, ಅದೊಂದಕ್ಕೆ ಸಿಗಲಿಲ್ಲ. ನೀಲಿ ಪೆನ್ನಿನ ವಿಷಯ ನಮಗೇನು ಗೊತ್ತು ಎಂದರು. ಗಂಗವ್ವ ಕಪ್ಪು ಎತ್ತಿಕೊಂಡು ಹೋದಳು, ಯಾರೂ ಸೀನಲಿಲ್ಲ.

ಆ ವಿಳಾಸವನ್ನು ಈಗಲೇ ಮುಚ್ಚಿಬಿಡೋಣ, ಇನ್ನು ಮೇಲೆ ನಮ್ಮ ಹೆಸರಿನಲ್ಲೇ ಖರೇ ಬರೆಯೋಣ ಎಂದು ಒಮ್ಮತವಾಯಿತು. ಮುಲ್ಲಾ ಸರ್ ಅವರ ಕಂಪ್ಯೂಟರಿನ ಮುಂದೆ ನಾನು ಕುಳಿತೆ, ಹಿಂದೆ ಐವರು ನಿಂತರು. ತೆರೆದು ನೋಡಿದರೆ ಕಳಿಸದೆ ಬಿಟ್ಟ ಪತ್ರವೊಂದು ಅಲ್ಲಿತ್ತು. ಸಂಪಾದಕ ಮಂಡಳಿಗೆ, ಅಂದು ಮುಂಜಾನೆ ಬರೆದದ್ದು. ಮುಲ್ಲಾ ಸರ್ ಗಟ್ಟಿಯಾಗಿ ಓದಿದರು.

“ತಮ್ಮ ಕಾರ್ಯದರ್ಶಿಗಳು ನಿಜವಾಗಿ ಇದ್ದಾರೆಯೇ? ಸಹಿ ಎಲ್ಲ ಕಡೆ ಕಾಣುತ್ತದೆ, ಅವರು ಮಾಡಿದ ಕೆಲಸ ಎಲ್ಲಿಯೂ ಕಾಣಲಿಲ್ಲ. ದಯವಿಟ್ಟು ಖಚಿತಪಡಿಸಿ.”

ನಾನು ತಿರುಗಿ ನೋಡಿದೆ. ‘ಇದ್ದಾರೆ’ ಎಂದು ಯಾರಾದರೂ ಹೇಳಲಿ ಎಂದು ಕಾದೆ. ಐವರೂ ನನ್ನನ್ನೇ ನೋಡುತ್ತಿದ್ದರು. ಪುಸ್ತಕ ಕಪಾಟಿನಲ್ಲಿ ಇದೆಯೋ ಇಲ್ಲವೋ ಎಂದು ಪಟ್ಟಿ ಹಿಡಿದು ತಪಾಸಣೆ ಮಾಡುವಾಗ ನಾವು ನೋಡುತ್ತೇವಲ್ಲ, ಹಾಗೆ. ವಿಳಾಸ ಮುಚ್ಚಲು ಯಾರಿಗೂ ಕೈ ಬರಲಿಲ್ಲ, ಅದು ಹಾಗೇ ಇದೆ.

ಬಳಗ ಒಡೆಯಲಿಲ್ಲ, ಅದೊಂದು ಸಮಾಧಾನ. ಈಗ ಎಲ್ಲರೂ ತಮ್ಮ ಹೆಸರು ಹಾಕಿಯೇ ಬೈಯುತ್ತಾರೆ. ನಾನು ಇಪ್ಪತ್ತು ಖಾಲಿ ನಮೂನೆ ಹಿಡಿದು ನಮ್ಮ ವಾಚನಾಲಯದ ಬಾಗಿಲಲ್ಲಿ ದಿನಾ ಮಧ್ಯಾಹ್ನ ನಿಲ್ಲುತ್ತಿದ್ದೇನೆ. ಇಂದಿಗೆ ನಾಲ್ಕು ದಿನ. ಹುಡುಗ ಹುಡುಗಿಯರು ಗುಂಪು ಗುಂಪಾಗಿ ಬರುತ್ತಾರೆ, ಮಾತಾಡುತ್ತ ನಗುತ್ತ ನನ್ನ ಪಕ್ಕದಿಂದಲೇ ಹಾದು ಹೋಗುತ್ತಾರೆ. ಸ್ವಲ್ಪ ನಿಲ್ಲಿ ಎನ್ನುತ್ತೇನೆ. ಇದುವರೆಗೆ ಒಬ್ಬರೂ ತಿರುಗಿ ನೋಡಿಲ್ಲ.