ಟೊಕಿವಾ ಗುಡ್ಡದ ಬಸ್ಸನ್ನು ಉಳಿಸಿದ್ದು

"ಇವತ್ತಿನಿಂದ ನಾನು ಈ ಭೂಮಿಗೆ ಹೊಗೆ ಊದುವವರ ಪೈಕಿ ಅಲ್ಲ" ಎಂದು ಕುರಮೋಚಿಯವರು ಬಡಾವಣೆ ಸಂಘದ ಸಭೆಯಲ್ಲಿ ಘೋಷಿಸಿದಾಗ ಚಪ್ಪಾಳೆಯೋ ಚಪ್ಪಾಳೆ! ಸಂಘದ ಅಧ್ಯಕ್ಷರು ಅವರೇ. ವಯಸ್ಸಾದವರು ಡ್ರೈವಿಂಗ್ ಲೈಸೆನ್ಸನ್ನು ತಾವಾಗಿಯೇ ಠಾಣೆಗೆ ಒಪ್ಪಿಸಿ ಬರುವುದು ಟೊಕಿವಾ ಗುಡ್ಡದಲ್ಲಿ ಮರ್ಯಾದಸ್ಥರ ಲಕ್ಷಣ. ಕುರಮೋಚಿಯವರು ಅದನ್ನು ಸಿಂಹಾಸನ ತ್ಯಾಗ ಮಾಡಿದಷ್ಟು ಗತ್ತಿನಿಂದ ಮಾಡಿ, ಅದೇ ವಾರ ಕಾರನ್ನೂ ಮಾರಿಬಿಟ್ಟರು.

ಹೆಂಡತಿ ಫುಸಾಯೆಗೆ ಮಂಡಿ ಸವೆದಿತ್ತು. ವಾರಕ್ಕೊಮ್ಮೆ ಗುಡ್ಡದ ಬುಡದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳದಿದ್ದರೆ ಮನೆಯೊಳಗೂ ಗೋಡೆ ಹಿಡಿದೇ ಓಡಾಡಬೇಕು. ಆಕೆ ಜಗಳ ಆಡಲಿಲ್ಲ, ಒಂದೇ ಒಂದು ಮಾತು ಕೇಳಿದಳು.

"ರೀ, ಬಸ್ಸು ಇದ್ದೇ ಇರುತ್ತೆ ಅಂತ ಗ್ಯಾರಂಟಿ ಕೊಟ್ಟೋರು ಯಾರು?"

"ಅಧ್ಯಕ್ಷ ನಾನಿಲ್ವಾ? ನಾನೇ ಕೊಡ್ತಿದ್ದೀನಿ!"

ಗ್ಯಾರಂಟಿಯ ಆಯುಸ್ಸು ಚಳಿಗಾಲದವರೆಗೆ ಮಾತ್ರ ಇತ್ತು. ಗುಡ್ಡ ಹತ್ತುವ ಪುಟ್ಟ ಬಸ್ಸಿನಲ್ಲಿ ಡ್ರೈವರು ಮತ್ತು ಫುಸಾಯೆ ಬಿಟ್ಟರೆ ಇನ್ನಾರೂ ಕಾಣುತ್ತಿಲ್ಲ, ಆದ್ದರಿಂದ ಒಬ್ಬ ಗುಮಾಸ್ತ ಬಂದು ತಲೆ ಎಣಿಸುತ್ತಾನೆ, ಎಣಿಕೆ ಸಾಲದಿದ್ದರೆ ಬಸ್ಸು ಬಂದ್ ಎಂದು ಪುರಸಭೆಯಿಂದ ಸೂಚನೆ ಬಂತು. ಕುರಮೋಚಿಯವರು ಮಫ್ಲರ್ ಸುತ್ತಿಕೊಂಡು ಮನೆ ಮನೆಗೆ ಹೊರಟರು. ಎಲ್ಲ ಬಾಗಿಲಲ್ಲೂ ಅದೇ ಬಾಗಿದ ತಲೆ, ಅದೇ ಒಪ್ಪಿಗೆ. ಬಸ್ಸು ಬಡಾವಣೆಯ ಜೀವನಾಡಿ ಅಂದರು, ಮೊಮ್ಮಕ್ಕಳ ಕಾಲಕ್ಕೆ ಒಳ್ಳೆಯ ಗಾಳಿ ಬೇಡವೇ ಅಂದರು. ಎಲ್ಲರಿಗಿಂತ ಜೋರಾಗಿ ಅಂದವರು ಪಕ್ಕದ ಮನೆಯ ಇಸೊಗಾಯಿ. ಬ್ಯಾಂಕಿನಿಂದ ನಿವೃತ್ತರಾದ ಆ ಮನುಷ್ಯನ ಅಂಗಳದಲ್ಲಿ ಎರಡು ಕಾರು ಮಲಗಿದ್ದವು. ಇವರ‍್ಯಾರೂ ಒಂದು ದಿನವೂ ಬಸ್ಸಿನ ಮೆಟ್ಟಿಲು ತುಳಿದವರಲ್ಲ. ಬಸ್ಸು ಬೇಕು, ಆದರೆ ಅದರಲ್ಲಿ ಬೇರೆಯವರು ಕೂರಬೇಕು!

ಆದರೂ ಎಣಿಕೆಯ ದಿನ ಇಡೀ ಬಡಾವಣೆ ಬಸ್ಸು ಹತ್ತುವುದೆಂದು ತೀರ್ಮಾನವಾಯಿತು. ಸಂಘದ ಸೂಚನೆ ಸಿಕ್ಕಿಸಿದ ಪುಟ್ಟ ಹಲಗೆ ಕೈಯಿಂದ ಕೈಗೆ, ಮನೆಯಿಂದ ಮನೆಗೆ ದಾಟಿ, ಸಹಿಯ ಬದಲು ಎಲ್ಲರ ಹೆಸರಿನ ಮುದ್ರೆ ಬಿದ್ದು ವಾಪಸ್ಸು ಬಂತು. ಕುರಮೋಚಿಯವರು ಆ ರಾತ್ರಿ ಯುದ್ಧ ಗೆದ್ದ ಸೇನಾಪತಿಯ ನಿದ್ದೆ ಮಾಡಿದರು.

ಬೆಳಿಗ್ಗೆ ಒಬ್ಬರೂ ತಪ್ಪಿಸಲಿಲ್ಲ. ಕೊಟ್ಟ ಮಾತಿಗೆ ತಪ್ಪುವ ಜನವೇ ಅಲ್ಲ ಅವರು. ಆದರೆ ಬಸ್‌ಸ್ಟಾಪ್ ಇರುವುದು ಗುಡ್ಡದ ನೆತ್ತಿಯಲ್ಲಿ, ಏರು ಅಂದರೆ ಏರು, ಮೇಲೆ ಹಾಳು ಚಳಿ. ಹಾಗಾಗಿ ಎಲ್ಲರೂ ಬಸ್ಸು ಹತ್ತಲು ಕಾರಿನಲ್ಲಿ ಬಂದರು! ತಡವಾಗಿ ಬಂದು ಇತರರಿಗೆ ತೊಂದರೆ ಕೊಡಬಾರದೆಂದು ಬೇಗನೇ ಬಂದು, ಕಿರಿದಾದ ರಸ್ತೆಯ ಎರಡೂ ಬದಿ ಶಿಸ್ತಾಗಿ ಕಾರು ನಿಲ್ಲಿಸಿ, ಸ್ಟಾಪಿನಲ್ಲಿ ಇನ್ನೂ ಶಿಸ್ತಾಗಿ ಸಾಲು ನಿಂತರು. ಸಾಲಿನ ಮುಂದೆ ಫುಸಾಯೆ, ಕೈಯಲ್ಲಿ ಆಸ್ಪತ್ರೆಯ ಚೀಟಿ.

ಬಸ್ಸು ಗಳಿಗೆ ತಪ್ಪದೆ ತಿರುವಿನಲ್ಲಿ ಕಾಣಿಸಿತು. ಅಲ್ಲಿಂದ ಮುಂದೆ ಬರಲು ಜಾಗವೇ ಇರಲಿಲ್ಲ.

ಕಾರು ತೆಗೆಯಲು ಎಲ್ಲರೂ ಒಟ್ಟಿಗೆ ಓಡಿದರು. ಎಲ್ಲರೂ ಒಟ್ಟಿಗೆ ನಿಂತರು. "ದಯವಿಟ್ಟು ನೀವು ಮೊದಲು ತೆಗೀರಿ" ಎಂದು ಇಸೊಗಾಯಿ ಬಾಗಿದರು. ಅಯ್ಯೋ, ತಾವು ಹಿರಿಯರು, ತಾವೇ ಮೊದಲು ಎಂದು ಎದುರಿನವರು ಇನ್ನೂ ಕೆಳಗೆ ಬಾಗಿದರು. ಮುಂಚೆ ಹೊರಟು ಒರಟರೆನಿಸಿಕೊಳ್ಳಲು ಯಾರೂ ತಯಾರಿಲ್ಲ. ಕುರಮೋಚಿಯವರು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಅವರ ಹತ್ತಿರ ತೆಗೆಯಲು ಕಾರೂ ಇರಲಿಲ್ಲ. ವೇಳಾಪಟ್ಟಿ ಮೀರಲಾಗದ ಡ್ರೈವರು ಬಿಳಿ ಕೈಗವಸು ತೊಟ್ಟ ಕೈ ಎತ್ತಿ ಕ್ಷಮೆ ಕೇಳಿ, ಹಿಮ್ಮುಖವಾಗಿಯೇ ಇಳಿದು ಹೋದ. ಒಳಗಿದ್ದ ಗುಮಾಸ್ತನೂ ಕಣ್ಮರೆಯಾಗುವ ತನಕ ತಲೆ ಬಾಗಿಸಿಯೇ ಇದ್ದ. ಹತ್ತಿದವರನ್ನು ಮಾತ್ರ ಎಣಿಸಬೇಕೆಂಬುದು ನಿಯಮ. ಹತ್ತಿದವರು ಯಾರೂ ಇಲ್ಲ.

ಮಾರ್ಚ್ ಕೊನೆಗೆ ಬಸ್ಸು ಬಂದ್ ಎಂಬ ಆದೇಶ ಬಂದಾಗ ಬಡಾವಣೆಗೆ ಬಡಾವಣೆಯೇ ಮರುಗಿತು. ಮರುಗುವುದಕ್ಕೆ ನಡೆಯಬೇಕಾಗಿಲ್ಲ ನೋಡಿ! ಕೊನೆಯ ದಿನದ ಬಸ್ಸಿಗೆ ತಕ್ಕ ಬೀಳ್ಕೊಡುಗೆ ಆಗಲೇಬೇಕೆಂದು ಇಸೊಗಾಯಿ ಪಟ್ಟು ಹಿಡಿದರು. ಕಾರುಗಳನ್ನು ಈ ಸಲ ಮನೆಯಲ್ಲೇ ಬಿಡುವಷ್ಟು ಬುದ್ಧಿ ಬಂದಿತ್ತು. ಕ್ಯಾಮೆರಾ ಹಿಡಿದವರು, ಕೈಬಾವುಟ ಹಿಡಿದವರು, ಎಲ್ಲಿಂದಲೋ ಬಂದ ಬಸ್ಸಿನ ಹುಚ್ಚರು ಎಲ್ಲರೂ ಸೇರಿ ಸ್ಟಾಪಿನಲ್ಲಿ ಕಾಲಿಡಲು ಜಾಗವಿಲ್ಲ. ಅಧ್ಯಕ್ಷರೆಂದು ಕುರಮೋಚಿಯವರನ್ನು ಎಲ್ಲರಿಗಿಂತ ಮೊದಲು ಹತ್ತಿಸಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಅವರು ಡ್ರೈವರಿಗೆ ಹೂಗುಚ್ಛ ಕೊಟ್ಟು, ಭೂಮಿ, ಗಾಳಿ, ಮುಂದಿನ ಪೀಳಿಗೆ ಎಂದು ನಾಲ್ಕು ಮಾತಾಡಿದರು. ಬಾಗಿಲು ಮುಚ್ಚಿತು. ಜನ್ಮದಲ್ಲಿ ಮೊದಲ ಸಲ ಆ ಬಸ್ಸು ತುಂಬಿ ತುಳುಕಿ ಹೊರಟಿತು.

ಕಿಟಕಿಯಾಚೆ ಚೀಟಿ ಹಿಡಿದು ಒಬ್ಬಳೇ ನಿಂತಿದ್ದ ಫುಸಾಯೆ ಆಗ ಕುರಮೋಚಿಯವರ ಕಣ್ಣಿಗೆ ಬಿದ್ದಳು. ಇವತ್ತು ಆಕೆಯ ಇಂಜೆಕ್ಷನ್ನಿನ ದಿನ. ಅದು ಅವರಿಗೆ ಮರೆತೇ ಹೋಗಿತ್ತು.

ಮುಂದಿನ ಸ್ಟಾಪಿನಲ್ಲಿ ಜನರ ಸಂದಿಯಲ್ಲಿ ನುಸುಳಿ ಇಳಿದು, ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. ಫುಸಾಯೆ ಸ್ಟಾಪಿನ ಬೆಂಚಿನ ಮೇಲೆ ಮಂಡಿ ಒತ್ತಿಕೊಳ್ಳುತ್ತ ಕೂತಿದ್ದಳು. ಅವರಿಗೆ ನಾಚಿಕೆಯಾಗಿತ್ತು, ನಾಚಿಕೆಯಾದಾಗ ಗಂಡಸರು ಮಾಡುವಂತೆ ಗದರಿದರು.

"ಬಾಯಿ ಇರ್ಲಿಲ್ವಾ ನಿನಗೆ? ಆಸ್ಪತ್ರೆಗೆ ಹೋಗ್ಬೇಕು, ಜಾಗ ಬಿಡಿ ಅಂತ ಕೇಳೋಕೆ ಆಗ್ಲಿಲ್ವಾ?"

"ಕೇಳ್ದೆ" ಅಂದಳು ಫುಸಾಯೆ. "ಬಾಗಿಲಲ್ಲಿ ಇಸೊಗಾಯಿ ನಿಂತಿದ್ರು. ಅಷ್ಟು ವಿನಯದಿಂದ ಬಾಗಿ ಹೇಳಿದ್ರು ಕಣ್ರೀ, ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ. 'ಅಮ್ಮಾ, ಇವತ್ತೊಂದಿನ ನಮಗೆ ಬಿಟ್ಟುಕೊಡಿ. ನೀವು ಹೇಗೂ ಯಾವಾಗಲೂ ಹತ್ತುತ್ತಾನೇ ಇರ್ತೀರಲ್ಲ!'"